ಪಿಗ್ಮಿ ಆ್ಯಪ್ ಕಟ್ಟುವ ಸಣ್ಣ ತಂಡಕ್ಕೆ ಯಾವ ಟೂಲ್, ಯಾವ ಕ್ರಮದಲ್ಲಿ?

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಮೂರು ನಾಲ್ಕು ಜನ ಸೇರಿ ಸಾಫ್ಟ್‌ವೇರ್ ಮಾಡುವ ತಂಡಗಳು ಬೇಕಾದಷ್ಟಿವೆ. ಸಹಕಾರಿ ಸಂಘಕ್ಕೆ ಲೆಡ್ಜರ್, ಆಸ್ಪತ್ರೆಗೆ ಬಿಲ್ಲಿಂಗ್, ಗೇರುಬೀಜದ ಫ್ಯಾಕ್ಟರಿಗೆ ಸ್ಟಾಕ್ ಲೆಕ್ಕ, ಹೋಟೆಲಿಗೆ ಆರ್ಡರ್ ಆ್ಯಪ್. ಎಲ್ಲರೂ ಕೆಲಸ ಗೊತ್ತಿರುವವರೇ. ಆದರೆ ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟರೆ ಸಾಕು, ಉಳಿದವರಿಗೆ ಕೈಕಾಲು ಆಡುವುದಿಲ್ಲ. ಯಾವ ಫೋಲ್ಡರ್ ಕೊನೆಯದು, ಬಡ್ಡಿ ಲೆಕ್ಕದಲ್ಲಿ ಆ ಒಂದು ಸಾಲು ಯಾಕಿದೆ, ಸರ್ವರ್‌ಗೆ ಹಾಕುವುದು ಹೇಗೆ, ಎಲ್ಲವೂ ಹೋದವರ ತಲೆಯಲ್ಲೇ ಇತ್ತು.

ಸಾಫ್ಟ್‌ವೇರ್ ಕಟ್ಟುವವರಿಗೆ ನೆರವಾಗುವ ಟೂಲ್‌ಗಳು ಇರುವುದೇ ಇದಕ್ಕೆ. ಮನುಷ್ಯ ಮರೆಯುವುದನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳಲಿ, ಮನುಷ್ಯನಿಗೆ ಬೇಜಾರು ಬರುವ ಕೆಲಸವನ್ನು ಅದೇ ಪದೇ ಪದೇ ಮಾಡಲಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇವನ್ನು ‘ಕೇಸ್ ಟೂಲ್’ (ಕಂಪ್ಯೂಟರ್ ನೆರವಿನ ಸಾಫ್ಟ್‌ವೇರ್ ಎಂಜಿನಿಯರಿಂಗ್) ಎಂಬ ಹೆಸರಿನಲ್ಲಿ ಓದಿರುತ್ತೀರಿ. ಅಗತ್ಯ ಮತ್ತು ವಿನ್ಯಾಸದ ಹಂತಕ್ಕೆ ಅಪ್ಪರ್ ಕೇಸ್, ಕೋಡ್ ಮತ್ತು ಟೆಸ್ಟ್ ಹಂತಕ್ಕೆ ಲೋವರ್ ಕೇಸ್ ಎಂದು ಪುಸ್ತಕ ಹೇಳುತ್ತದೆ. ಸಣ್ಣ ತಂಡ ಈ ಕ್ರಮವನ್ನು ತಿರುಗಿಸಿಕೊಂಡರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೊದಲು ಕೋಡ್ ಕಾಪಾಡುವ ಟೂಲ್, ಆಮೇಲೆ ಲೆಕ್ಕ ಪರೀಕ್ಷಿಸುವ ಟೂಲ್. ಚಿತ್ರ ಬರೆಯುವ ಟೂಲ್ ಅದರ ನಂತರ ಬರಲಿ.

ಸುಮ್ನೆ ಟೂಲ್‌ಗಳ ಹೆಸರು ಪಟ್ಟಿ ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಒಂದು ಕೆಲಸವನ್ನು ಮುಂದಿಟ್ಟುಕೊಂಡು ಹೋಗೋಣ.

ನಮ್ಮ ಉದಾಹರಣೆ: ಪಿಗ್ಮಿ

ಪಿಗ್ಮಿ ನಮ್ಮೂರಿನದೇ ದಿನವಹಿ ಉಳಿತಾಯ ಯೋಜನೆ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಜಾರಿಗೆ ತಂದಿತು. ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಸಹಕಾರಿ ಸಂಘಗಳಲ್ಲಿ ಇವತ್ತೂ ನಡೆಯುತ್ತಿದೆ.

ಈಗ ಏಜೆಂಟರ ಕೈಯಲ್ಲಿ ಫೋನ್, ಸೊಂಟದಲ್ಲಿ ಪುಟ್ಟ ಬ್ಲೂಟೂತ್ ಪ್ರಿಂಟರ್. ಅಂಗಡಿಯವರು ನೂರು ರೂಪಾಯಿ ಕೊಟ್ಟರೆ ಫೋನ್‌ನಲ್ಲಿ ಒತ್ತಿ ರಶೀದಿ ಹರಿದು ಕೊಡುತ್ತಾರೆ. ನೆಟ್‌ವರ್ಕ್ ಇದ್ದರೆ ಲೆಕ್ಕ ಆಗಲೇ ಸಂಘದ ಸರ್ವರ್‌ಗೆ ಹೋಗುತ್ತದೆ. ಇಲ್ಲದಿದ್ದರೆ ಫೋನ್‌ನಲ್ಲೇ ಉಳಿದು, ಸಿಗ್ನಲ್ ಬಂದಾಗ ಹೋಗುತ್ತದೆ. ನೋಡಲಿಕ್ಕೆ ಸಣ್ಣ ಆ್ಯಪ್. ಆದರೆ ಒಳಗೆ ದುಡ್ಡು, ದಿನಾಂಕ, ಕನ್ನಡ ಹೆಸರು, ಕೈಕೊಡುವ ನೆಟ್‌ವರ್ಕ್, ಎಲ್ಲವೂ ಇದೆ. ಅದಕ್ಕೇ ಇದನ್ನು ಆರಿಸಿದೆ.

ಹೆಜ್ಜೆ 1: ಎಲ್ಲಿ ಸೋರುತ್ತಿದೆ ನೋಡಿ

ಯಾವ ಟೂಲ್ ಹಾಕುವ ಮೊದಲೂ ಒಂದು ಹಾಳೆ ತೆಗೆದುಕೊಳ್ಳಿ. ಹಿಂದಿನ ತಿಂಗಳು ತಂಡದ ಸಮಯ ಎಲ್ಲಿ ಹಾಳಾಯಿತು ಎಂದು ಎಲ್ಲರೂ ಕೂತು ಬರೆಯಿರಿ. ‘ಹಳೆಯ ಫೈಲ್ ಮೇಲೆ ಹೊಸದನ್ನು ಹಾಕಿಬಿಟ್ಟೆವು’, ‘ಸರಿ ಮಾಡಿದ್ದು ಮತ್ತೆ ಹಾಳಾಯಿತು’, ‘ಯಾವ ಸಂಘದಲ್ಲಿ ಯಾವ ವರ್ಷನ್ ಇದೆ ಗೊತ್ತಿಲ್ಲ’. ಹೀಗೆ ಐದಾರು ಸಾಲು ಬಂದರೆ ಸಾಕು. ಯಾವ ಟೂಲ್ ಮೊದಲು ಬೇಕು ಎಂಬುದು ಆ ಹಾಳೆಯಲ್ಲೇ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಟೂಲ್ ತನ್ನಿ. ಅದು ಕೈಗೆ ಹತ್ತಿದ ಮೇಲೆ ಇನ್ನೊಂದು.

ಹೆಜ್ಜೆ 2: ಕೋಡ್ ಗಿಟ್‌ನಲ್ಲಿರಲಿ

ಇದರಲ್ಲಿ ಎರಡನೇ ಮಾತಿಲ್ಲ. ಕೋಡ್‌ನ ಪ್ರತಿ ಬದಲಾವಣೆಯನ್ನೂ ನೆನಪಿಟ್ಟುಕೊಳ್ಳುವ ಟೂಲ್ ಗಿಟ್. ಹಾಗೆ ಉಳಿಸಿದ ಒಂದೊಂದು ಹಂತಕ್ಕೂ ಕಮಿಟ್ ಎನ್ನುತ್ತಾರೆ. ಲಿನಕ್ಸ್ ಕರ್ನೆಲ್‌ನ ಕೆಲಸಕ್ಕಾಗಿ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಈಗ ಎಲ್ಲ ಕಡೆ ಇದೆ. ಪೂರ್ತಿ ಉಚಿತ. ನಮ್ಮ ಕರಾವಳಿಗೆ ಇದರ ಒಂದು ಗುಣ ಬಹಳ ಹೊಂದುತ್ತದೆ. ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಪ್ರಾಜೆಕ್ಟ್‌ನ ಪೂರ್ತಿ ಇತಿಹಾಸ ಇರುತ್ತದೆ. ಜೂನ್ ಜುಲೈ ಮಳೆಗೆ ಕರೆಂಟ್ ಹೋಗಿ ಇಂಟರ್‌ನೆಟ್ ನಿಂತರೂ ಬ್ಯಾಟರಿ ಇರುವ ತನಕ ಕಮಿಟ್ ಮಾಡಬಹುದು, ಹಳೆಯದನ್ನು ತೆಗೆದು ನೋಡಬಹುದು. ನೆಟ್ ಬಂದ ಮೇಲೆ ಕಳುಹಿಸಿದರಾಯಿತು.

ಶುರು ಮಾಡುವುದು ಹೀಗೆ. ಈಗ ಸಂಘದಲ್ಲಿ ಓಡುತ್ತಿರುವ ಕೋಡ್ ಯಾವುದೋ ಅದನ್ನೇ ಮೊದಲ ಕಮಿಟ್ ಮಾಡಿ. ‘ಸ್ವಲ್ಪ ಚೊಕ್ಕ ಮಾಡಿ ಆಮೇಲೆ ಹಾಕೋಣ’ ಎಂದು ಕಾಯಬೇಡಿ. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿ ಖಾಸಗಿ ರೆಪೊ (ಇಂಟರ್‌ನೆಟ್‌ನಲ್ಲಿ ಪ್ರಾಜೆಕ್ಟ್‌ನ ಕೋಡ್ ಇಡುವ ಜಾಗ) ತೆರೆದು ಅಲ್ಲಿಗೆ ತಳ್ಳಿ. ಆ ಖಾತೆ ತಂಡದ್ದಾಗಿರಲಿ, ಯಾರೋ ಒಬ್ಬರ ಸ್ವಂತ ಇಮೇಲ್‌ಗೆ ಸೇರಿದ್ದು ಬೇಡ.

ಮೊದಲ ಕಮಿಟ್‌ಗೆ ಮುಂಚೆಯೇ, ಯಾವ ಫೈಲ್ ಬಿಡಬೇಕು ಎಂದು ಗಿಟ್‌ಗೆ ಹೇಳುವ ಗಿಟ್‌ಇಗ್ನೋರ್ ಫೈಲ್ ಮಾಡಿ. ಡೇಟಾಬೇಸ್ ಪಾಸ್‌ವರ್ಡ್, ಎಸ್‌ಎಂಎಸ್ ಗೇಟ್‌ವೇ ಕೀ, ಸದಸ್ಯರ ನಿಜವಾದ ಮಾಹಿತಿ ಇರುವ ಫೈಲ್, ಇವು ಯಾವುವೂ ರೆಪೊಗೆ ಹೋಗಬಾರದು. ಒಮ್ಮೆ ಹೋದರೆ ನಂತರ ಫೈಲ್ ಅಳಿಸಿದರೂ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಹಾಗೇನಾದರೂ ಆದರೆ ತಡ ಮಾಡದೆ ಆ ಪಾಸ್‌ವರ್ಡನ್ನೇ ಬದಲಿಸಿ.

ಇನ್ನು ಕಮಿಟ್ ಸಂದೇಶ. ‘ಬದಲಾವಣೆ’, ‘ಫೈನಲ್’, ‘ಫೈನಲ್ 2’ ಎಂದು ಬರೆದರೆ ಆರು ತಿಂಗಳ ನಂತರ ನಿಮಗೇ ಅರ್ಥವಾಗುವುದಿಲ್ಲ. ‘ಒಂದೇ ರಶೀದಿ ಎರಡು ಸಲ ಬಂದರೆ ಎರಡನೆಯದನ್ನು ಬಿಡು’ ಎಂದು ಬರೆಯಿರಿ. ಏನು ಬದಲಾಯಿತು ಎಂದು ಕೋಡ್ ಹೇಳುತ್ತದೆ, ಯಾಕೆ ಬದಲಾಯಿತು ಎಂಬುದನ್ನು ನೀವೇ ಹೇಳಬೇಕು. ಕನ್ನಡದಲ್ಲಿ ಬರೆಯಬಹುದಾ ಎಂದರೆ ಖಂಡಿತ ಬರೆಯಬಹುದು. ತಂಡದ ಎಲ್ಲರಿಗೂ ಓದಲು ಬಂದರೆ ಸಾಕು.

ಗಿಟ್‌ನಲ್ಲಿ ಹಲವರು ಮುಟ್ಟಿಯೇ ನೋಡದ ಒಂದು ಸೌಲಭ್ಯವಿದೆ, ಬೈಸೆಕ್ಟ್ ಎಂದು. ದೀಪಾವಳಿ ಹೊತ್ತಿಗೆ ಕಮಿಷನ್ ಲೆಕ್ಕ ಸರಿ ಇತ್ತು, ಈಗ ತಪ್ಪು ಬರುತ್ತಿದೆ ಅಂದುಕೊಳ್ಳಿ. ನಡುವೆ 200 ಕಮಿಟ್ ಆಗಿವೆ. ಸರಿ ಇದ್ದ ಕಮಿಟ್ ಯಾವುದು, ತಪ್ಪಿರುವುದು ಯಾವುದು ಎಂದು ಬೈಸೆಕ್ಟ್‌ಗೆ ಹೇಳಿದರೆ ಅದು ನಡುವಿನದನ್ನು ತೆಗೆದು ಮುಂದಿಡುತ್ತದೆ. ನೀವು ಓಡಿಸಿ ನೋಡಿ ‘ಸರಿ’ ಅಥವಾ ‘ತಪ್ಪು’ ಎನ್ನಬೇಕು, ಅಷ್ಟೇ. ಪ್ರತಿ ಸಲ ಅರ್ಧ ಕಳೆದುಹೋಗುತ್ತದೆ. 200 ಕಮಿಟ್ ಇದ್ದರೂ ಎಂಟು ಸಲದೊಳಗೆ ತಪ್ಪು ಹೊಕ್ಕ ಕಮಿಟ್ ಸಿಗುತ್ತದೆ. ಕಮಿಟ್‌ಗಳು ಸಣ್ಣದಾಗಿದ್ದರೆ ತಪ್ಪಿನ ಸಾಲೇ ಎದುರಿಗೆ ಬಂದು ನಿಲ್ಲುತ್ತದೆ.

ಹೆಜ್ಜೆ 3: ದೂರುಗಳಿಗೆ ಒಂದೇ ಜಾಗ

ಸಂಘದವರು ವಾಟ್ಸ್‌ಆ್ಯಪ್ ಮಾಡುತ್ತಾರೆ, ಏಜೆಂಟರು ಫೋನ್ ಮಾಡುತ್ತಾರೆ, ಮ್ಯಾನೇಜರ್ ಸಿಕ್ಕಾಗ ಬಾಯಲ್ಲಿ ಹೇಳುತ್ತಾರೆ. ಅವರಿಗೆ ಹೊಸ ವೆಬ್‌ಸೈಟ್ ತೋರಿಸಿ ‘ಇಲ್ಲೇ ಬರೆಯಿರಿ’ ಎನ್ನಬೇಡಿ. ಅದು ನಡೆಯುವುದಿಲ್ಲ. ಎಲ್ಲಿಂದ ಬಂದರೂ ತಂಡದವರು ಆ ದಿನವೇ ಅದನ್ನು ಗಿಟ್‌ಹಬ್ ಇಶ್ಯೂ (ಒಂದು ದೂರಿಗೆ ಒಂದು ಪುಟ) ಆಗಿ ಬರೆದಿಡಬೇಕು.

ಮಲ್ಪೆಯಿಂದ ಏಜೆಂಟರೊಬ್ಬರು ಫೋನ್ ಮಾಡಿ, ‘ನಿನ್ನೆ ಒಂದು ಅಂಗಡಿಯದ್ದು ಎರಡು ಸಲ ಬಿದ್ದಿದೆ ಮಾರಾಯ್ರೆ, ಒಮ್ಮೆ ನೋಡಿ’ ಎನ್ನುತ್ತಾರೆ ಅಂತಿಟ್ಟುಕೊಳ್ಳಿ. ಇದನ್ನು ‘ಸಿಂಕ್ ಸಮಸ್ಯೆ’ ಎಂದು ಬರೆದರೆ ಬರೆಯದಿದ್ದ ಹಾಗೆಯೇ. ಕೇಳಿ ಬರೆಯಬೇಕಾದ್ದು ಇಷ್ಟು: ಆ್ಯಪ್‌ನ ವರ್ಷನ್, ರಶೀದಿ ನಂಬರ್, ಸಮಯ, ಆಗ ಸಿಗ್ನಲ್ ಹೇಗಿತ್ತು, ಏನಾಯಿತು, ಏನಾಗಬೇಕಿತ್ತು. ಹೀಗೆ:

‘ವರ್ಷನ್ 3.2. ಮಧ್ಯಾಹ್ನ 12ರ ಹೊತ್ತಿಗೆ ₹100ರ ಒಂದು ರಶೀದಿ. ಒತ್ತಿದ ಮೇಲೆ ಗಿರಗಿರ ತಿರುಗುತ್ತಾ ನಿಂತಿತು. ಸಂಜೆ ಸಿಗ್ನಲ್ ಬಂದಾಗ ತಾನಾಗಿ ಹೋಯಿತು. ಲೆಡ್ಜರ್‌ನಲ್ಲಿ ಎರಡು ನಮೂದು. ಒಂದೇ ಇರಬೇಕಿತ್ತು.’

‘ಗಿರಗಿರ ತಿರುಗುತ್ತಾ ನಿಂತಿತು’ ಎಂಬ ಮಾತನ್ನು ಬಿಡಬೇಡಿ. ಕಾರಣ ಅಲ್ಲೇ ಇದೆ. ಫೋನ್ ಕಳುಹಿಸಿದ್ದು ಸರ್ವರ್‌ಗೆ ತಲುಪಿದೆ, ಸರ್ವರ್ ಬರೆದುಕೊಂಡೂ ಆಗಿದೆ. ‘ಬಂತು’ ಎಂಬ ಉತ್ತರ ವಾಪಸ್ ಬರುವಾಗ ಸಿಗ್ನಲ್ ಹೋಗಿದೆ. ಹೋಗಲೇ ಇಲ್ಲ ಅಂದುಕೊಂಡ ಫೋನ್ ಸಂಜೆ ಮತ್ತೆ ಕಳುಹಿಸಿದೆ.

ಹೆಜ್ಜೆ 4: ದುಡ್ಡು ಇರುವಲ್ಲಿ ಟೆಸ್ಟ್ ಬರೆಯಿರಿ

ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯಾ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಂಗೆ ಟೆಸ್ಟ್ ಎನ್ನುತ್ತೇವೆ. ‘ಎಲ್ಲದಕ್ಕೂ ಟೆಸ್ಟ್ ಬರೆಯಿರಿ’ ಎಂಬ ಉಪದೇಶ ಕೇಳಿದರೆ ಸಣ್ಣ ತಂಡ ಒಂದೂ ಬರೆಯುವುದಿಲ್ಲ. ಎಲ್ಲಿ ತಪ್ಪಿದರೆ ಜನರ ದುಡ್ಡು ಹೆಚ್ಚುಕಡಿಮೆ ಆಗುತ್ತದೋ ಅಲ್ಲಿಂದ ಶುರು ಮಾಡಿ. ಪೈಥಾನ್ ಆದರೆ ಪೈಟೆಸ್ಟ್, ಜಾವಾ ಆದರೆ ಜೆಯೂನಿಟ್, ಜಾವಾಸ್ಕ್ರಿಪ್ಟ್ ಆದರೆ ಜೆಸ್ಟ್. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜೆಯೂನಿಟ್ ಬರೆದ ಮೇಲೆ ಹೆಚ್ಚುಕಡಿಮೆ ಎಲ್ಲ ಭಾಷೆಗಳಿಗೂ ಇಂಥ ಟೂಲ್ ಬಂದಿದೆ. ನಿಮ್ಮ ಭಾಷೆಯದ್ದನ್ನು ಹಿಡಿದುಕೊಳ್ಳಿ.

ಎರಡು ಸಲ ಬಿದ್ದ ರಶೀದಿಯನ್ನೇ ತೆಗೆದುಕೊಳ್ಳೋಣ. ಕೋಡ್ ಮುಟ್ಟುವ ಮೊದಲು ಟೆಸ್ಟ್ ಬರೆಯಿರಿ: ಒಂದೇ ನಂಬರಿನ ರಶೀದಿಯನ್ನು ಎರಡು ಸಲ ಕಳುಹಿಸಿದರೆ ಖಾತೆಗೆ ₹100 ಮಾತ್ರ ಸೇರಬೇಕು. ಓಡಿಸಿ. ಟೆಸ್ಟ್ ಫೇಲ್ ಆಗಬೇಕು, ಯಾಕೆಂದರೆ ತಪ್ಪು ಇನ್ನೂ ಅಲ್ಲೇ ಇದೆ. ಫೇಲ್ ಆದರೆ ತಪ್ಪು ಕೈಗೆ ಸಿಕ್ಕಿತು ಎಂದರ್ಥ. ಆಮೇಲೆ ಸರಿ ಮಾಡಿ.

ಇಲ್ಲಿ ಒಂದು ಅಡ್ಡದಾರಿ ಕಣ್ಣಿಗೆ ಬೀಳುತ್ತದೆ. ‘ಅದೇ ಖಾತೆ, ಅದೇ ದಿನ, ಅದೇ ಮೊತ್ತ ಬಂದರೆ ಬಿಟ್ಟುಬಿಡು’ ಎಂದು ಬರೆದರೆ ಟೆಸ್ಟ್ ಪಾಸಾಗುತ್ತದೆ. ಆದರೆ ಅಂಗಡಿಯವರು ಬೆಳಿಗ್ಗೆ ನೂರು, ಸಂಜೆ ಮತ್ತೆ ನೂರು ಕೊಟ್ಟರೆ? ಅವರ ಎರಡನೇ ನೂರು ಮಾಯವಾಗುತ್ತದೆ. ಹಾಗಾಗಿ ಎರಡನೇ ಟೆಸ್ಟೂ ಬೇಕು: ನಂಬರ್ ಬೇರೆ ಇದ್ದರೆ ಮೊತ್ತ, ದಿನ, ಖಾತೆ ಒಂದೇ ಆದರೂ ಎರಡೂ ಸೇರಬೇಕು. ಈ ಎರಡು ಟೆಸ್ಟ್ ಒಟ್ಟಿಗೆ ಪಾಸಾಗಬೇಕಾದರೆ ದಾರಿ ಒಂದೇ. ರಶೀದಿ ನಂಬರ್ ಫೋನ್‌ನಲ್ಲೇ ಹುಟ್ಟಬೇಕು, ಮತ್ತೆ ಕಳುಹಿಸುವಾಗಲೂ ಅದೇ ನಂಬರ್ ಹೋಗಬೇಕು, ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯುನೀಕ್ ಇಂಡೆಕ್ಸ್ (ಒಂದೇ ನಂಬರ್ ಎರಡು ಸಲ ಸೇರಲು ಬಿಡದ ಏರ್ಪಾಡು) ಇರಬೇಕು. ಟೆಸ್ಟ್ ಬರೆಯುತ್ತಾ ಹೋದರೆ ವಿನ್ಯಾಸ ಎಲ್ಲಿ ಜಾರಿದೆ ಎಂದು ಹೀಗೆ ಗೊತ್ತಾಗುತ್ತದೆ.

ದಿನಾಂಕ ಇನ್ನೂ ಕಷ್ಟ. ಸಂಘದ ನಿಯಮ ‘6 ತಿಂಗಳ ಒಳಗೆ ತೆಗೆದರೆ ಬಡ್ಡಿ ಇಲ್ಲ’ ಎಂದಿದೆ ಅಂದುಕೊಳ್ಳಿ. ಖಾತೆ ತೆರೆದದ್ದು 2024ರ ಆಗಸ್ಟ್ 31. ಆರು ತಿಂಗಳು ಯಾವತ್ತಿಗೆ ಮುಗಿಯಿತು? ಫೆಬ್ರವರಿ 31 ಎಂಬ ದಿನವೇ ಇಲ್ಲವಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳಿಗೆ 6 ಕೂಡಿಸಿದರೆ 2025ರ ಮಾರ್ಚ್ 3 ಎನ್ನುತ್ತದೆ. ಮೈಎಸ್‌ಕ್ಯುಎಲ್ ಡೇಟಾಬೇಸ್ ಫೆಬ್ರವರಿ 28 ಎನ್ನುತ್ತದೆ. ಫೋನ್ ಒಂದು ದಿನಾಂಕ ತೋರಿಸಿ ಸರ್ವರ್ ಇನ್ನೊಂದು ತೋರಿಸಿದರೆ ಕೌಂಟರ್‌ನಲ್ಲಿ ಜಗಳ ಗ್ಯಾರಂಟಿ. ಯಾವುದು ಸರಿ ಎಂದು ಪ್ರೋಗ್ರಾಮರ್ ತೀರ್ಮಾನಿಸುವ ಹಾಗಿಲ್ಲ. ಮ್ಯಾನೇಜರನ್ನು ಕೇಳಿ, ಅವರ ಉತ್ತರವನ್ನು ಟೆಸ್ಟ್ ಆಗಿ ಬರೆದಿಡಿ. ಗಡುವಿನ ಹಿಂದಿನ ದಿನ, ಗಡುವಿನ ದಿನ, ಮರುದಿನ, ಮೂರಕ್ಕೂ ಒಂದೊಂದು ಟೆಸ್ಟ್ ಇರಲಿ.

ದುಡ್ಡನ್ನು ದಶಮಾಂಶದಲ್ಲಿ ಇಡಬೇಡಿ. ಕಂಪ್ಯೂಟರಿನ ಫ್ಲೋಟ್ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ.

ಟೆಸ್ಟ್‌ಗೆ ಬಳಸುವ ಹೆಸರು, ಫೋನ್ ನಂಬರ್ ಎಲ್ಲವೂ ಕಲ್ಪಿತವಾಗಿರಲಿ. ಸಂಘದ ನಿಜವಾದ ಡೇಟಾಬೇಸ್ ಕಾಪಿ ಮಾಡಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಈ ಎಚ್ಚರ ಇರಲೇಬೇಕು.

ಕನ್ನಡ ಹೆಸರುಗಳಿಗೆ ಬೇರೆ ಟೆಸ್ಟ್

ಇದಕ್ಕೆ ಪ್ರತ್ಯೇಕ ಜಾಗ ಕೊಡುತ್ತಿದ್ದೇನೆ. ಹೊರಗಿನವರು ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ನಮಗೆ ದಿನಾ ಬೇಕು.

‘ಮಂಗಳೂರು’ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಏಳು ಸಂಕೇತ, ಅವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಸಂಕೇತಕ್ಕೆ ಮೂರರಂತೆ 21 ಬೈಟ್. ಹೆಸರಿನ ಕಾಲಂಗೆ 30 ಎಂದು ಕೊಟ್ಟರೆ ಮೈಎಸ್‌ಕ್ಯುಎಲ್ ಅದನ್ನು 30 ಸಂಕೇತ ಎಂದು ಓದುತ್ತದೆ. ಒರೇಕಲ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ 30 ಬೈಟ್ ಎಂದು ಓದುತ್ತದೆ, ಅಂದರೆ ಕನ್ನಡದ ಹತ್ತೇ ಸಂಕೇತ. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

‘ಕೊರಗಪ್ಪ’ ಎಂಬ ಹೆಸರನ್ನು ನೋಡಿ. ಮೊದಲ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹುಡುಕಿದರೆ ಮಾತ್ರ ಒಂದು ಸಿಕ್ಕಿ ಇನ್ನೊಂದು ಸಿಗುವುದಿಲ್ಲ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಕ್ರಮದಿಂದ ಎರಡನ್ನೂ ಒಂದೇ ರೂಪಕ್ಕೆ ತಂದು ಉಳಿಸಬೇಕು. ‘ರಾಜ್‌ಕುಮಾರ್’ ಮತ್ತು ‘ರಾಜ್ಕುಮಾರ್’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತದ ವ್ಯತ್ಯಾಸವಿದೆ. ಇದನ್ನು ಎನ್‌ಎಫ್‌ಸಿ ಸರಿ ಮಾಡುವುದಿಲ್ಲ. ಹುಡುಕುವಾಗ ಆ ಸಂಕೇತವನ್ನು ನೀವೇ ಬಿಟ್ಟು ಹೋಲಿಸಬೇಕು. ಈ ಎರಡು ಹೆಸರುಗಳನ್ನು ನಿಮ್ಮ ಟೆಸ್ಟ್‌ಗೆ ಸೇರಿಸಿಬಿಡಿ.

ಹಳೆಯ ಸಂಘಗಳಲ್ಲಿ ಇನ್ನೊಂದು ಕಷ್ಟ ಇರುತ್ತದೆ. ಯೂನಿಕೋಡ್‌ಗೆ ಮುಂಚೆ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕ ಬಳಸಿ ಯೂನಿಕೋಡ್ ಮಾಡಿಕೊಳ್ಳಿ. ಅರ್ಕಾವೊತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಮಾತ್ರ ಮನುಷ್ಯರೇ ಕೂತು ನೋಡಬೇಕು.

ತುಳು ಲಿಪಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಸೇರಿದೆ. ಅದರ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯುಎಲ್‌ನ ಹಳೆಯ ಮೂರು ಬೈಟ್ ‘ಯುಟಿಎಫ್8’ ಕಾಲಂನಲ್ಲಿ ಕನ್ನಡ ಕೂರುತ್ತದೆ, ತುಳು ಲಿಪಿ ಕೂರುವುದಿಲ್ಲ. ‘ಯುಟಿಎಫ್8ಎಂಬಿ4’ ಇಟ್ಟುಕೊಳ್ಳಿ. ಸಂಘದ ಹೆಸರನ್ನು ತುಳು ಲಿಪಿಯಲ್ಲೂ ಹಾಕಿಕೊಡಿ ಎಂದು ನಮ್ಮೂರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ.

ರಶೀದಿ ಪ್ರಿಂಟರ್ ಬಗ್ಗೆ ಒಂದು ಮಾತು. ಕಡಿಮೆ ಬೆಲೆಯ ಥರ್ಮಲ್ ಪ್ರಿಂಟರ್‌ಗಳ ಒಳಗೆ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಫೋನ್‌ನಲ್ಲೇ ರಶೀದಿಯನ್ನು ಚಿತ್ರವಾಗಿ ಮಾಡಿ ಕಳುಹಿಸಬೇಕು.

ಹೆಜ್ಜೆ 5: ಟೆಸ್ಟ್ ತಾನಾಗಿ ಓಡಲಿ

ಟೆಸ್ಟ್ ಬರೆದಿಟ್ಟು ಓಡಿಸಲು ಮರೆತರೆ ಏನು ಬಂತು? ಗಿಟ್‌ಹಬ್ ಆ್ಯಕ್ಷನ್ಸ್ ಅಥವಾ ಗಿಟ್‌ಲ್ಯಾಬ್‌ನ ಸಿಐ (ಕೋಡ್ ಬಂದ ಕೂಡಲೇ ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಇದಕ್ಕೇ ಇದೆ. ಸ್ವಂತ ಸರ್ವರ್ ಇದ್ದರೆ ಜೆಂಕಿನ್ಸ್ ಕೂಡ ಆಗುತ್ತದೆ, ಆದರೆ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಮೂರು ಜನರ ತಂಡಕ್ಕೆ ನಾನು ಅದನ್ನು ಹೇಳುವುದಿಲ್ಲ.

ರೆಪೊದಲ್ಲಿ ಒಂದು ಸಣ್ಣ ಯಾಮೆಲ್ (ಸೆಟ್ಟಿಂಗ್ ಬರೆಯುವ) ಫೈಲ್ ಇಟ್ಟು ನಾಲ್ಕು ಕೆಲಸ ಹೇಳಿ. ಯಾರಾದರೂ ಕೋಡ್ ತಳ್ಳಿದಾಗ ಎದ್ದೇಳು, ಕೋಡ್ ತೆಗೆದುಕೋ, ಬೇಕಾದ ಲೈಬ್ರರಿ ಹಾಕಿಕೋ, ಟೆಸ್ಟ್ ಓಡಿಸು. ಅಷ್ಟೇ. ಹಸಿರು ಗುರುತು ಬಂದರೆ ಸರಿ, ಕೆಂಪು ಬಂದರೆ ತಳ್ಳಿದವರಿಗೆ ಮೇಲ್ ಹೋಗುತ್ತದೆ. ಗಿಟ್‌ಹಬ್‌ನ ಉಚಿತ ಖಾತೆಯಲ್ಲಿ ಖಾಸಗಿ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ. ಇಂಥ ಮಿತಿಗಳು ಬದಲಾಗುತ್ತಿರುತ್ತವೆ, ಶುರು ಮಾಡುವ ಮೊದಲು ಒಮ್ಮೆ ನೋಡಿಕೊಳ್ಳಿ. ಎರಡು ನಿಮಿಷದ ಟೆಸ್ಟ್ ಆದರೆ ಸಣ್ಣ ತಂಡಕ್ಕೆ ಧಾರಾಳ.

ಕಂಪ್ಯೂಟರ್ ಒಪ್ಪಿದ ಮೇಲೆ ಮನುಷ್ಯರೂ ಒಬ್ಬರು ನೋಡಬೇಕು. ಪ್ರತಿ ಇಶ್ಯೂಗೆ ಒಂದು ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು), ಮುಗಿದ ಮೇಲೆ ಪುಲ್ ರಿಕ್ವೆಸ್ಟ್ (ಇದನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ), ಪಕ್ಕದವರು ಓದಿದ ಮೇಲಷ್ಟೇ ಮುಖ್ಯ ಬ್ರಾಂಚ್‌ಗೆ. ಒಂದೇ ಸಲ ಕೂತು ಓದಿ ಮುಗಿಸುವಷ್ಟು ಚಿಕ್ಕದಾಗಿರಲಿ. ಸಾವಿರ ಸಾಲು ಕೊಟ್ಟರೆ ಯಾರೂ ಓದುವುದಿಲ್ಲ, ‘ಚೆನ್ನಾಗಿದೆ’ ಎಂದು ಬಿಡುತ್ತಾರೆ. ‘ಈ ಹೆಸರು ಇಷ್ಟವಾಗಲಿಲ್ಲ’ ಎನ್ನುವುದಕ್ಕಿಂತ ‘ಉತ್ತರ ಬರುವ ಮೊದಲು ಫೋನ್ ಸ್ವಿಚ್ ಆಫ್ ಆದರೆ ಇಲ್ಲಿ ಏನಾಗುತ್ತದೆ?’ ಎಂದು ಕೇಳುವವರು ತಂಡಕ್ಕೆ ಜಾಸ್ತಿ ಉಪಕಾರ ಮಾಡುತ್ತಾರೆ.

ಸ್ಪೇಸ್ ಎಷ್ಟು, ಬ್ರಾಕೆಟ್ ಎಲ್ಲಿ ಎಂಬ ಚರ್ಚೆಗೆ ಸಮಯ ಕೊಡಬೇಡಿ. ಪ್ರೆಟಿಯರ್, ಬ್ಲ್ಯಾಕ್ ಮೊದಲಾದ ಫಾರ್ಮ್ಯಾಟರ್‌ಗಳು ಅದನ್ನು ನೋಡಿಕೊಳ್ಳುತ್ತವೆ. ಓಡಿಸದೆಯೇ ಕೋಡ್ ಓದಿ ಅನುಮಾನ ಹೇಳುವ ಟೂಲ್‌ಗಳಿಗೆ ಲಿಂಟರ್ ಎನ್ನುತ್ತೇವೆ. ಮೊದಲ ‘ಲಿಂಟ್’ ಬರೆದವರು ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್, 1978ರಲ್ಲಿ. ಈಗ ಜಾವಾಸ್ಕ್ರಿಪ್ಟ್‌ಗೆ ಇಎಸ್‌ಲಿಂಟ್, ಪೈಥಾನ್‌ಗೆ ರಫ್. ಹಳೆಯ ಪ್ರಾಜೆಕ್ಟ್ ಮೇಲೆ ಮೊದಲ ಸಲ ಓಡಿಸಿದರೆ ಸಾವಿರಾರು ಎಚ್ಚರಿಕೆ ಬಂದು ಎದೆ ಧಸಕ್ ಎನ್ನುತ್ತದೆ. ಎಲ್ಲವನ್ನೂ ಸರಿ ಮಾಡಲು ಹೋಗಬೇಡಿ. ಈ ವಾರ ನೀವು ಮುಟ್ಟಿದ ಫೈಲ್‌ಗಳಿಗೆ ಮಾತ್ರ ಓಡುವ ಹಾಗೆ ಮಾಡಿ.

ಹೆಜ್ಜೆ 6: ಈಗ ಚಿತ್ರ

ಚಿತ್ರವನ್ನು ಇಷ್ಟು ಹಿಂದೆ ಇಟ್ಟಿದ್ದಕ್ಕೆ ಕಾರಣವಿದೆ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಹೆಸರು ದೊಡ್ಡದಾಗಿ ಕೇಳಿಬಂದದ್ದು 1968ರಲ್ಲಿ, ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೋ ಸಮ್ಮೇಳನದಲ್ಲಿ. ಆ ಹೊತ್ತಿಗೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಟೈಕ್ರೊ ಅವರ ತಂಡ ಅಗತ್ಯಗಳನ್ನು ಕಂಪ್ಯೂಟರ್‌ಗೆ ಬರೆದುಕೊಟ್ಟು ಪರೀಕ್ಷಿಸುವ ಕೆಲಸ ಶುರು ಮಾಡಿತ್ತು. 1980ರ ದಶಕದಲ್ಲಿ ಕೇಸ್ ಟೂಲ್‌ಗಳ ಭರಾಟೆ. ಚಿತ್ರ ಬರೆದರೆ ಸಾಕು, ಕೋಡ್ ತಾನಾಗಿ ಬರುತ್ತದೆ ಎಂಬ ಆಸೆ. ಐಬಿಎಂ 1989ರಲ್ಲಿ ಎಡಿ ಸೈಕಲ್ ಎಂಬ ಭಾರೀ ಯೋಜನೆಯನ್ನೇ ಘೋಷಿಸಿತು. ಆ ಆಸೆ ಪೂರ್ತಿ ಕೈಗೂಡಲಿಲ್ಲ. ಟೂಲ್‌ಗಳು ದುಬಾರಿ, ಒಂದರ ಫೈಲ್ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಜನ ಕೋಡ್ ತಿದ್ದುತ್ತಿದ್ದರು, ಚಿತ್ರ ತಿದ್ದುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಚಿತ್ರ ಒಂದು ಕಡೆ, ಕೋಡ್ ಒಂದು ಕಡೆ. 1997ರಲ್ಲಿ ಯುಎಂಎಲ್ ಮಾನದಂಡವಾಗಿ ಚಿತ್ರಗಳ ಭಾಷೆ ಒಂದಾಯಿತು, ಈ ಕಷ್ಟ ಮಾತ್ರ ಹಾಗೆಯೇ ಉಳಿಯಿತು.

ಇದಕ್ಕೆ ಈಗ ಸರಳ ಉಪಾಯವಿದೆ. ಚಿತ್ರವನ್ನೂ ಬರಹವಾಗಿಯೇ ಬರೆದು ಕೋಡ್ ಪಕ್ಕದಲ್ಲಿ ಗಿಟ್‌ನಲ್ಲೇ ಇಡುವುದು. ಮರ್ಮೇಡ್, ಪ್ಲಾಂಟ್‌ಯುಎಂಎಲ್ ಎಂಬ ಎರಡು ಟೂಲ್ ಇದಕ್ಕೆ ಚೆನ್ನಾಗಿವೆ. ‘ಫೋನ್‌ನಿಂದ ಸರ್ವರ್‌ಗೆ ರಶೀದಿ’ ಎಂದು ಒಂದು ಸಾಲು ಬರೆದರೆ ಬಾಣ ಬರುತ್ತದೆ. ಕನ್ನಡದಲ್ಲೇ ಬರೆಯಬಹುದು. 2022ರಿಂದ ಗಿಟ್‌ಹಬ್ ಮರ್ಮೇಡ್ ಬರಹವನ್ನು ನೇರ ಚಿತ್ರವಾಗಿ ತೋರಿಸುತ್ತದೆ. ಪ್ಲಾಂಟ್‌ಯುಎಂಎಲ್ ಬಳಸುವುದಾದರೆ ಚಿತ್ರ ತಯಾರಾಗುವ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇರಬೇಕು, ಇಲ್ಲದಿದ್ದರೆ ಅಕ್ಷರದ ಬದಲು ಚೌಕಗಳು ಬರುತ್ತವೆ.

ಪಿಗ್ಮಿ ಆ್ಯಪ್‌ಗೆ ಎರಡು ಚಿತ್ರ ಸಾಕು. ಒಂದು, ರಶೀದಿಯ ಸ್ಥಿತಿಗಳು: ಫೋನ್‌ನಲ್ಲಿದೆ, ಕಳುಹಿಸಿದೆ, ಸರ್ವರ್ ಒಪ್ಪಿದೆ, ಲೆಡ್ಜರ್‌ಗೆ ಏರಿದೆ, ರದ್ದಾಗಿದೆ. ಇದನ್ನು ಬರೆಯುವಾಗಲೇ ‘ಕಳುಹಿಸಿದ ಮೇಲೆ ಏಜೆಂಟರು ರದ್ದು ಮಾಡಬಹುದಾ?’ ಎಂಬ ಪ್ರಶ್ನೆ ಬರುತ್ತದೆ. ಮ್ಯಾನೇಜರ್ ಮುಂದೆ ಈ ಚಿತ್ರ ಇಟ್ಟು ಕೇಳಿ. ಕೋಡ್ ತೋರಿಸಿದರೆ ಅವರು ಸುಮ್ಮನಾಗುತ್ತಾರೆ, ಚಿತ್ರ ತೋರಿಸಿದರೆ ಬೆರಳಿಟ್ಟು ತಪ್ಪು ತೋರಿಸುತ್ತಾರೆ. ಎರಡನೆಯದು ಡೇಟಾಬೇಸ್ ಟೇಬಲ್‌ಗಳ ಚಿತ್ರ. ಅದನ್ನು ಕೈಯಲ್ಲಿ ಬರೆಯಬೇಕಾಗಿಲ್ಲ. ಇರುವ ಡೇಟಾಬೇಸ್ ಓದಿ ಡಿಬೀವರ್ ತಾನೇ ಬಿಡಿಸಿಕೊಡುತ್ತದೆ.

ಡೇಟಾಬೇಸ್‌ನಲ್ಲಿ ಏನೇ ಬದಲಿಸಿದರೂ ಅದಕ್ಕೊಂದು ನಂಬರ್ ಹಾಕಿದ ಮೈಗ್ರೇಷನ್ ಫೈಲ್ (ಆ ಬದಲಾವಣೆಯನ್ನು ಬರೆದಿಟ್ಟ ಫೈಲ್) ಇರಲಿ. ಪೈಥಾನ್‌ನ ಜಾಂಗೊದಲ್ಲಿ ಇದು ಒಳಗೇ ಬರುತ್ತದೆ, ಜಾವಾದವರು ಫ್ಲೈವೇ ಬಳಸಬಹುದು. ಸಂಘದ ಸರ್ವರ್‌ಗೆ ನೇರ ಲಾಗಿನ್ ಆಗಿ ಕಾಲಂ ಸೇರಿಸಿ ಬರುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ.

ಹೆಜ್ಜೆ 7: ಎಐ ಸಹಾಯಕ

ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ 2021ರಲ್ಲಿ ಪ್ರಯೋಗಕ್ಕೆ ಬಂತು, ಆಮೇಲೆ ಇಂಥವು ಬಹಳ ಬಂದಿವೆ. ನಾನು ಇದನ್ನು ಏಳನೆಯದಾಗಿ ಇಟ್ಟಿದ್ದೇನೆ, ಮೊದಲನೆಯದಾಗಿ ಅಲ್ಲ. ಗಿಟ್, ಟೆಸ್ಟ್, ಪುಲ್ ರಿಕ್ವೆಸ್ಟ್ ಇಲ್ಲದ ತಂಡಕ್ಕೆ ಎಐ ಕೊಟ್ಟ ಕೋಡ್ ಸರಿಯಾ ತಪ್ಪಾ ಎಂದು ಹೇಳಲು ದಾರಿಯೇ ಇರುವುದಿಲ್ಲ.

ಟೆಸ್ಟ್ ನೀವು ಬರೆಯಿರಿ, ಅದು ಪಾಸಾಗುವ ಕೋಡ್ ಬರೆದುಕೊಡು ಎಂದು ಎಐಗೆ ಹೇಳಿ. ಹಿಂದಿನವರು ಬಿಟ್ಟುಹೋದ ಕೋಡ್ ತೋರಿಸಿ ಸಾಲು ಸಾಲಾಗಿ ವಿವರಿಸು ಎಂದು ಕೇಳಿ. ಇದರಲ್ಲಿ ಅದು ಒಳ್ಳೆಯ ಜೊತೆಗಾರ. ಆದರೆ ನಿಮ್ಮ ಸಂಘದ ನಿಯಮ ಅದಕ್ಕೆ ಗೊತ್ತಿಲ್ಲ. ಆರು ತಿಂಗಳ ಲೆಕ್ಕ ಹೇಗೆ ಎಂದು ನೀವು ಹೇಳದಿದ್ದರೆ ಅದು ಊಹೆ ಮಾಡಿ, ಗೊತ್ತಿದ್ದವರ ಹಾಗೆ ಬರೆದುಕೊಡುತ್ತದೆ. ಇಲ್ಲದ ಲೈಬ್ರರಿಯ ಹೆಸರನ್ನೂ ಹೇಳುವುದುಂಟು. ಹೊಸ ಲೈಬ್ರರಿ ಹಾಕುವ ಮೊದಲು ಅದು ನಿಜವಾಗಿ ಇದೆಯಾ, ಯಾರು ನಡೆಸುತ್ತಿದ್ದಾರೆ ಎಂದು ನೋಡಿ. ಸದಸ್ಯರ ಹೆಸರು, ಖಾತೆ ನಂಬರ್, ಪಾಸ್‌ವರ್ಡ್ ಅದರ ಕಿಟಕಿಗೆ ಎಂದೂ ಅಂಟಿಸಬೇಡಿ.

ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲ, ನಿಟ್ಟೆಯಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರಿಗೆ ಒಂದು ಮಾತು. ಗಿಟ್‌ಹಬ್‌ನ ಸ್ಟೂಡೆಂಟ್ ಪ್ಯಾಕ್, ಜೆಟ್‌ಬ್ರೇನ್ಸ್‌ನ ವಿದ್ಯಾರ್ಥಿ ಲೈಸೆನ್ಸ್ ನಿಮಗೆ ಉಚಿತ. ರಿಪೋರ್ಟ್ ಬರೆಯುವ ವಾರ ಗಿಟ್ ಹುಡುಕುವ ಬದಲು ಮೊದಲ ದಿನವೇ ಶುರು ಮಾಡಿ. ಯಾರು ಏನು ಮಾಡಿದರು ಎಂದು ಗೈಡ್ ಕೇಳಿದರೆ ಕಮಿಟ್‌ಗಳೇ ಉತ್ತರ ಹೇಳುತ್ತವೆ.

ಹೆಜ್ಜೆ 8: ಹೊಸ ಲ್ಯಾಪ್‌ಟಾಪ್ ಪರೀಕ್ಷೆ

ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿ. ಪ್ರಾಜೆಕ್ಟ್‌ನ ಏನೂ ಇಲ್ಲದ ಒಂದು ಲ್ಯಾಪ್‌ಟಾಪ್ ತೆಗೆದುಕೊಂಡು ತಂಡದ ಹೊಸಬರಿಗೆ ಕೊಡಿ. ಅವರು ರೆಪೊ ಇಳಿಸಿಕೊಂಡು, ರೀಡ್‌ಮಿ ಫೈಲ್ (ಪ್ರಾಜೆಕ್ಟ್ ಓಡಿಸುವುದು ಹೇಗೆ ಎಂಬ ವಿವರ) ಮಾತ್ರ ಓದಿ, ಆ್ಯಪ್ ಓಡಿಸಿ, ಎಲ್ಲ ಟೆಸ್ಟ್ ಪಾಸ್ ಮಾಡಿಸಿ, ಒಂದು ಸಣ್ಣ ಬದಲಾವಣೆಯನ್ನು ಪುಲ್ ರಿಕ್ವೆಸ್ಟ್ ತನಕ ತರಬೇಕು. ಹಳಬರು ಪಕ್ಕದಲ್ಲಿ ಕೂರಬಹುದು, ಬಾಯಿ ಬಿಡಬಾರದು. ಹೊಸಬರು 'ಇದು ಎಲ್ಲಿ ಸಿಗುತ್ತದೆ?' ಎಂದು ಕೇಳಿದ ಪ್ರತಿ ಪ್ರಶ್ನೆಯನ್ನೂ ಬರೆದುಕೊಳ್ಳಿ. ಸಂಜೆ ಆ ಉತ್ತರಗಳನ್ನೆಲ್ಲ ರೀಡ್‌ಮಿಗೆ ಸೇರಿಸಿ, ಆ ಕಮಿಟ್ ಅನ್ನು ಹೊಸಬರ ಕೈಯಲ್ಲೇ ಮಾಡಿಸಿ.